ಹೂವಿಗೆ ಮಡಿಲಕ್ಕಿ

...ಅಯ್ಯೋ, ಆ ಬ್ಯಾಗು ಆಮೇಲೆ ಕಟ್ಕೋ ಕಣೇ ಹೂವಿ, ಎಲ್ಲೂ ಓಡೋಗಲ್ಲ ಅದು. ನಿನ್ನ ಗಂಡ ಆಟೋ ತರಾಕೆ ಕಿಬ್ಬನಹಳ್ಳಿ ಕ್ರಾಸಿಗೆ ಹೋಗವ್ನಲ್ಲ, ಬರ್ಲಿ. ತಿಪಟೂರು ಸ್ಟೇಷನ್ನು ಏನ್ ದೂರ? ಅಷ್ಟರಲ್ಲಿ ಮೂಡಲಕ್ಕೆ ಮಖ ಮಾಡಿ ಕುಂತ್ಕೋ. ನಿಂಗೆ ಮಡಿಲು ತುಂಬ್ತೀನಿ.

ಯಾಕೆ ಅಂಗೆ ನೋಡ್ತೀಯ? ಮೊರ ಕಾಣ್ಲಿಲ್ವಾ? ಅಕ್ಕಿ, ಬೆಲ್ಲದಚ್ಚು, ಎಲೆ ಅಡಿಕೆ, ಒಂದು ರವಿಕೆ ಕಣ. ಕೊಬ್ಬರಿ ನಾವು ದುಡಿಯೋ ಫ್ಯಾಕ್ಟರೀದಲ್ಲ, ನಮ್ಮನೆ ಅಟ್ಟದ್ದು. ಚಿಪ್ಪೊಳಗೆ ಗುಡುಗುಡು ಅನ್ನೋದನ್ನೇ ಆರಿಸಿ ಒಡ್ದಿದ್ದೀನಿ. ಮನೆ ಮಗಳು ದೂರ ಹೋಗ್ತಾಳೆ ಅಂದ್ರೆ ನಮ್ಮ ಕಡೆ ಬರಿ ಮಡಿಲಲ್ಲಿ ಕಳ್ಸಲ್ಲ. ಸೆರಗೊಡ್ಡಿಸಿ ಇದನ್ನೆಲ್ಲ ಹಾಕಿ ಕಳಿಸ್ತೀವಿ. ನೀನು ಜಾರ್ಖಂಡದವಳಾದ್ರೇನು? ಫೂಲ್‌ಮಣಿ ಅನ್ನೋಕೆ ನಾಲಿಗೆ ಹೊರಳ್ದೆ ನಿಂಗೆ ಹೂವಿ ಅಂತ ಹೆಸರಿಟ್ಟವಳು ಈ ಸಿದ್ದಕ್ಕನೇ ಅಲ್ವಾ?

ನಗು ಬತ್ತಾ? ನಗು, ನಗು. ಮಗಳು ಅಂದಿದ್ದಕ್ಕೆ ತಾನೇ ನಗ್ತಿರೋದು.

ಆ ಬೆರಳು ಹೆಂಗೈತೆ ಈಗ? ಇನ್ನೂ ಕೀವು ಬತ್ತಾ? ತೋರ್ಸು... ತೋರ್ಸೋಕೇನೇ? ಬುಡು, ಬ್ಯಾಡ. ದಿನವೆಲ್ಲ ಕಾಯಿ ನೀರಲ್ಲಿ ಕೈ ಇಟ್ಕೊಂಡು ಕರಿ ಸಿಪ್ಪೆ ಹೆರೆಯೋರಿಗೆ ಗಾಯ ಎಲ್ಲಿ ಮಾಯ್ತದೆ? ನನ್ನ ಕೈ ಕುಯ್ಕೊಂಡಾಗ ಇಎಸ್ಐ ಕಾರ್ಡಿತ್ತು, ಆಸ್ಪತ್ರೇಲಿ ಹೊಲಿಗೆ ಹಾಕುದ್ರು. ನಿಂಗೆ ಅರಿಶಿನ ಮೆತ್ಕೋ ಅಂದ್ರು. ಒಂದೇ ನೀರು, ಒಂದೇ ಚಾಕು, ಹೊರಗಿನೋರಿಗೆ ಮಾತ್ರ ಕಾರ್ಡಿಲ್ಲ. ಅನ್ಯಾಯ ಅಂತ ಶೆಡ್ಡಲ್ಲಿ ಮೊದ್ಲು ಅಂದೋಳು ನಾನು. ಲೇಬರ್ ಆಫೀಸಿನ ಸಾಹೇಬ್ರು ತಪಾಸಣೆಗೆ ಬಂದ ದಿನ ಎಲ್ರೂ ಒಟ್ಟಿಗೆ ಎದ್ದು ನಿಂತು ಕೇಳಾನ ಅಂದೋಳೂ ನಾನೇ. "ಸ್ವಾಮಿ, ನಮಗೂ ಕಾರ್ಡು ಬೇಕು" ಅಂತ ನಿಂಗೆ ಬಾಯಿಪಾಠ ಮಾಡ್ಸಿದ್ದೂ ನಾನೇ ಕಣೇ. ಅದನ್ನ ಮರೀಬ್ಯಾಡ.

ಗೊತ್ತು. ನೀನು ಎದ್ದೆ, ನಾನು ಏಳ್ಲಿಲ್ಲ.

ಅಲ್ಲಾ, ಮಡಿಲ ತುಂಬ ಕಾಯಿ ಇತ್ತು, ತಟ್ಟೆ ಇಳಿಸ್ಬೇಕಿತ್ತು... ಕಾಲು ಬೇರೆ ಜೋಮು ಹಿಡ್ದಿತ್ತು. ನೀನು ತಿರುಗಿ ನೋಡ್ದಾಗ ಇನ್ನೇನು ಎದ್ದೇಬಿಟ್ಟೆ ಅಂದ್ಕೋ. ನಾನು ತಲೆ ಬಗ್ಗಿಸಿ ಹೆರೀತಾ ಇದ್ನಲ್ಲ, ಅದನ್ನ ನೋಡಿ ಪಕ್ಕದಲ್ಲಿ ಏಳಾಕೆ ಹೊಂಟಿದ್ದ ಕೆಂಪಕ್ಕನೂ ಕುಂತ್ಲು, ಉಳಿದೋರೂ ಕುಂತ್ರು. ಅಷ್ಟರಲ್ಲಿ ಆ ಸೂಪರ್‌ವೈಜರ್ ಕಲ್ಲೇಶ ಕಂಟ್ರಾಕ್ಟರನ್ನ ಮುಂದಕ್ಕೆ ತಳ್ಳಿ ಅವನ ಬಾಯಲ್ಲಿ ಹೇಳಿಸಿದ್ನಲ್ಲ, "ಇವಳು ನಮ್ಮೋಳಲ್ಲ ಸಾರ್, ನಿನ್ನೆ ಬಂದೋಳು" ಅಂತ. ಪಾಪ ಆ ಸಾಹೇಬ್ರಾದ್ರೂ ಏನ್ ಮಾಡ್ತಾರೆ? ನಮ್ಮಲ್ಲೊಬ್ಬಳು ಬಾಯಿ ಬುಟ್ಟು ಸುಳ್ಳು ಅಂದಿದ್ರೆ ತಾನೇ?

ಕಲ್ಲೇಶನಿಗೆ ಮೊದ್ಲೇ ಹೆಂಗೆ ಗೊತ್ತಾಯ್ತು ಅಂದ್ರೆ... ನಂಗೇನೇ ಗೊತ್ತು? ಗೋಡೆಗೂ ಕಿವಿ ಇರೋ ಶೆಡ್ಡು ಅದು. ಯಾರು ಮೊದ್ಲು ಏಳ್ತಾರೆ ಅಂತ ನಾನ್ಯಾಕೆ ಹೇಳಾಕೆ ಹೋಗ್ಲಿ?

...ಏನಂದೆ? ಏನೂ ಅನ್ಲಿಲ್ವಾ? ನೀನು ಕೇಳ್ಲೇ ಇಲ್ವಲ್ಲ ಅದನ್ನ... ಹ್ಞೂಂ.

ನೋಡು, ನಂಗೂ ಮನೆ ಐತೆ. ಕಲ್ಲೇಶ ಸುಮ್ನೆ ಮಾತಾಡಿಸ್ದ, ನಾನೂ ಸುಮ್ನೆ ಮಾತಾಡ್ದೆ. ನಿಮ್ಮನ್ನ ಕೆಲಸದಿಂದ ತೆಗ್ದು ಈ ಫ್ಯಾಕ್ಟರಿ ರೂಮೂ ಬುಡಿಸ್ತಾರೆ ಅಂತ ನಂಗೆ ಕನಸು ಬಿದ್ದಿತ್ತಾ? ಬೈದು ಸುಮ್ನಾಯ್ತಾರೆ ಅಂದ್ಕೊಂಡಿದ್ದೆ. ನಿನ್ನಾಣೆ... ಆಣೆ ಯಾಕೆ ಬುಡು.

ಬಾ, ಸೆರಗೊಡ್ಡು. ಆಟೋ ಸದ್ದಾಯ್ತು. ಎರಡೂ ಕೈಲಿ ಹಿಂಗೆ ಹಿಡ್ಕೊಂಡ್ರೆ ಸಾಕು, ನಾನು ಹಾಕ್ತೀನಿ. ಮೊದ್ಲು ಅಕ್ಕಿ. ದಾರೀಲಿ ಕೊಬ್ಬರಿ ಬೆಲ್ಲ ತಿನ್ಕೊಂಡು ಹೋಗ್ರಿ. ಹಿಡಿಯೇ. ಸೆರಗ್ಯಾಕೆ ಸೊಂಟಕ್ಕೆ ಸಿಗಿಸ್ಕೊಂಡೆ? ಹೂವಿ, ನಮ್ಮಲ್ಲಿ ಮಡಿಲಕ್ಕಿ ಬ್ಯಾಡ ಅನ್ನಬಾರ್ದು ಕಣೇ, ಕೊಟ್ಟೋರಿಗೆ ಒಳ್ಳೇದಾಗಲ್ಲ.

ಏನದು ಮೊರಕ್ಕೆ ಹಾಕ್ದೆ? ಕೊಬ್ಬರಿ ಮೇಲೆ...

ರೂಮಿನ ಬೀಗದ ಕೈ.

ನಾನು ಕೇಳ್ಲಿಲ್ವಲ್ಲೇ. ಮಡಿಲು ತುಂಬಿ, ಆಮೇಲೆ ನಿಧಾನಕ್ಕೆ... ಇದನ್ನ ಮೇಸ್ತ್ರಿ ಕೈಗೆ ಕೊಡ್ಬೇಕು, ನಂಗ್ಯಾಕೆ ಕೊಡ್ತೀಯ? ಹೇಳು, ಯಾಕೆ?

ಗೊತ್ತಾ ನಿಂಗೆ? ಯಾವಾಗಿಂದ? ನಾನು ಮೊರ ಹಿಡ್ಕೊಂಡು ಬಾಗಿಲಿಗೆ ಬಂದಾಗ್ಲೂ ಗೊತ್ತಿತ್ತಾ?

ಬೆಳಿಗ್ಗೆ ಹಾಕುದ್ರು ಕಣೇ ನನ್ನ ಮೇಸ್ತ್ರಿ ಕೆಲಸಕ್ಕೆ. ನಾಳೆಯಿಂದ ನೀರಲ್ಲಿ ಕೈ ಇಡೋ ಕೆಲಸ ಇಲ್ಲ ನಂಗೆ.

ಹೂವಿ... ಬ್ಯಾಗು ಕೊಡೇ, ಆಟೋ ತಂಕ ನಾನು ಹೊತ್ಕೊಂಡು ಬತ್ತೀನಿ. ಬ್ಯಾಡ್ವಾ? ಸರಿ, ನಡಿ. ಬಾಗಿಲು ಎಳೀಬ್ಯಾಡ, ಅಂಗೇ ಬುಡು. ಬೀಗ ನಾನೇ ಹಾಕ್ಬೇಕು. ಅದಕ್ಕೇ ನನ್ನ ಕಳ್ಸವ್ರೆ.