ಕೊಳಾಯಿ ಹರಿಯುವಷ್ಟು ಹೊತ್ತು

ಈ ಬೀಳ್ಕೊಡುಗೆಯ ಅಧ್ಯಕ್ಷತೆ ವಹಿಸಿರುವ ನಮ್ಮ ನೀರು ಸರಬರಾಜು ಕಚೇರಿಯ ಮುಖ್ಯ ಎಂಜಿನಿಯರ್ ಅವರೇ, ಪಾಠ ಬಿಟ್ಟು ಬಂದಿರುವ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕರೇ, ನನ್ನ ಲ್ಯಾಬಿನ ಸಹೋದ್ಯೋಗಿಗಳೇ, ಭಾಷಣ ಮುಗಿದ ಮೇಲೆಯೇ ಊಟ ಎಂದು ತಿಳಿದು ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ಬೆನ್ನ ಹಿಂದೆ ನೀವೆಲ್ಲ ನನ್ನನ್ನು 'ಗಡಸು ಮೇಡಂ' ಅನ್ನುತ್ತೀರೆಂದು ನನಗೆ ಗೊತ್ತಿತ್ತು. ಇವತ್ತು ಎಂಜಿನಿಯರ್ ಸಾಹೇಬರು ಮೈಕಿನಲ್ಲೇ ಅಂದುಬಿಟ್ಟರು. ಬೇಸರವಿಲ್ಲ. ಈ ಊರಿನ ನೀರೇ ಗಡಸು. ಸೋಪು ನೊರೆ ಕೊಡುವುದಿಲ್ಲ, ಷವರಿನ ತೂತುಗಳು ಮುಚ್ಚಿಹೋಗುತ್ತವೆ, ಓದಲು ಬಂದ ಹೊಸ ಹುಡುಗಿಯರು ಕೂದಲು ಉದುರುತ್ತದೆಂದು ಲ್ಯಾಬಿಗೇ ಬಂದು ಅಳುತ್ತಾರೆ. ಇಷ್ಟು ವರ್ಷ ಇದೇ ನೀರು ಕುಡಿದವಳು ಮೆತ್ತಗಿರುವುದಾದರೂ ಹೇಗೆ?

ಕೆಲಸದ ಬಗ್ಗೆ ನಾಲ್ಕು ಮಾತು ಹೇಳಿ ಅಂದಿದ್ದಾರೆ. ಮನೆಗಳಿಗೆ ಹೋಗಿ ನೀರು ಹಿಡಿಯುವಾಗ ನಾವು ಎರಡು ಬಾಟಲಿ ತುಂಬಿಸುತ್ತೇವೆ. ಮೊದಲನೆಯದು ಕೊಳಾಯಿ ತಿರುಗಿಸಿದ ಕೂಡಲೇ, ರಾತ್ರಿಯೆಲ್ಲ ಪೈಪಿನಲ್ಲಿ ನಿಂತಿದ್ದ ನೀರು. ಆಮೇಲೆ ಸ್ವಲ್ಪ ಹೊತ್ತು ನೀರನ್ನು ಹರಿಯಬಿಟ್ಟು, ಎರಡನೆಯದು. ಆ ನಡುವಿನ ಹೊತ್ತಿನಲ್ಲಿ ಮನೆಯವರು ಸುಮ್ಮನಿರಲಾರದೆ ಮಾತಾಡುತ್ತಾರೆ. ಸೊಸೆಯ ಸುದ್ದಿ, ಮಂಡಿನೋವು, ಪರೀಕ್ಷೆಯ ಭಯ. ಈ ಊರು ನನಗೆ ಪರಿಚಯವಾದದ್ದು ಹೀಗೆ, ಕೊಳಾಯಿ ಹರಿಯುವಷ್ಟು ಹೊತ್ತಿನಲ್ಲಿ. ಒಂಟಿಯಾಗಿರುವವಳಿಗೆ ಅದೇನು ಕಡಿಮೆಯೇ?

ಕಳೆದ ವರ್ಷ ಹಳೇ ಬೀದಿಗಳ ಮನೆಗಳನ್ನು ಚೀಟಿ ಎತ್ತಿ ಆರಿಸಿದೆವು. ಅದರಲ್ಲಿ ನನ್ನ ಅಕ್ಕನ ಮನೆ ಬಂತು.

ನನಗೊಬ್ಬಳು ಅಕ್ಕ ಇದ್ದಾಳೆಂಬುದು ನಿಮ್ಮಲ್ಲಿ ಬಹಳ ಜನಕ್ಕೆ ತಿಳಿದಿರಲಿಕ್ಕಿಲ್ಲ. ಪ್ರಾಧ್ಯಾಪಕರಿಗೆ ತಿಳಿದಿರಬಹುದು, ಅವರ ವಿದ್ಯಾರ್ಥಿಗಳ ಪ್ರಬಂಧಗಳಿಗೆ ರಟ್ಟು ಹಾಕಿಕೊಡುವವಳು ಅವಳೇ. ಕೆಳಗೆ ಬೈಂಡಿಂಗ್ ಅಂಗಡಿ, ಮೇಲೆ ಮನೆ. ಅಮ್ಮ ಕೊನೆಗಾಲದಲ್ಲಿ ಇದ್ದದ್ದು ಅಲ್ಲಿ. ಅಮ್ಮ ಹೋದ ದಿನ ಊರಿನ ಕೊಳಾಯಿಗಳಲ್ಲೆಲ್ಲ ತುಕ್ಕಿನ ಕೆಂಪು ನೀರು ಬಂದಿತ್ತು, ನಾನು ಲ್ಯಾಬ್ ಬಿಟ್ಟು ಹೊರಡುವಂತಿರಲಿಲ್ಲ. ಹೋದಾಗ ಎಲ್ಲ ಮುಗಿದಿತ್ತು. ಅಕ್ಕ ಬಾಗಿಲಲ್ಲೇ ಹೇಳಿದಳು: "ಊರಿಗೆಲ್ಲ ನೀರು ಕೊಟ್ಟೆ. ಅಮ್ಮನ ಬಾಯಿಗೆ ಒಂದು ಗುಟುಕು ಹಾಕೋಕೆ ನಿನಗೆ ಬಿಡುವಾಗಲಿಲ್ಲ." ಅಲ್ಲಿಗೆ ಮಾತು ನಿಂತಿತು. ಇವತ್ತು ಕೆಂಪು ನೀರು ಬಂದರೂ ನಾನು ಲ್ಯಾಬಿನಲ್ಲೇ ಇರುತ್ತೇನೆ. ಅವಳೂ ಬಾಗಿಲಲ್ಲಿ ನಿಂತು ಅವತ್ತಿನ ಅದೇ ಮಾತು ಹೇಳುತ್ತಾಳೆ. ಇಬ್ಬರಲ್ಲಿ ತಪ್ಪು ಯಾರದು ಅಂತ ಯಾವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸೋಣ?

ಚೀಟಿಯಲ್ಲಿ ಬಂದ ಆ ಮನೆಗೆ ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ನಾನೇ ಹೋದೆ. ಅಕ್ಕ ಬಾಗಿಲು ತೆಗೆದು, ನನ್ನ ಮುಖ ಬಿಟ್ಟು ಕೈಯಲ್ಲಿದ್ದ ಬಾಟಲಿಗಳನ್ನು ನೋಡಿ, "ಅಡುಗೆಮನೆ ಗೊತ್ತಲ್ಲ" ಅಂದಳು. ಮೊದಲ ಬಾಟಲಿ ತುಂಬಿಸಿದೆ. ನೀರು ಹರಿಯಬಿಟ್ಟೆ. ಅವಳು ಬೆರಳಿಗೆ ಅಂಟಿದ್ದ ಗೋಂದು ಕೀಳುತ್ತಾ ಗೋಡೆಗೊರಗಿ ನಿಂತಳು. ಇಡೀ ಊರು ಮಾತಾಡುವ ಆ ಹೊತ್ತಿನಲ್ಲಿ ನಾವಿಬ್ಬರೂ ತುಟಿ ಬಿಚ್ಚಲಿಲ್ಲ.

ಆ ನೀರಿನಲ್ಲಿ ಸೀಸ ಇತ್ತು. ಗಡಸುತನ ಬಿಡಿ, ಅದರಿಂದ ಯಾರೂ ಸಾಯುವುದಿಲ್ಲ. ಸೀಸ ವಿಷ. ಮನೆ ಕಟ್ಟಿದ ಕಾಲದ ಒಂದು ತುಂಡು ಸೀಸದ ಪೈಪು ಗೋಡೆಯೊಳಗೆ ಉಳಿದುಕೊಂಡಿತ್ತು. ಅಕ್ಕನ ಮನೆಗೆ ಮತ್ತೆ ಓಡಿದೆ.

"ಈ ನೀರು ಕುಡೀಬೇಡ. ಪೈಪು ಬದಲಾಯಿಸೋವರೆಗೆ ಒಂದು ತೊಟ್ಟೂ ಬೇಡ."

"ಆಫೀಸಿನ ಆರ್ಡರಾ?"

ನಾನು "ಹೂಂ" ಅಂದೆ. ಅಲ್ಲ ಅನ್ನಬಹುದಿತ್ತು. ಬಾಯಿಗೆ ಬಂದದ್ದು ಅದು.

ಪೈಪು ಬದಲಾಯಿತು. ಮತ್ತೊಮ್ಮೆ ನೀರು ಹಿಡಿಯಬೇಕಲ್ಲ, ಹೋದೆ. ಅಕ್ಕ ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟು ಎಲ್ಲೋ ಹೋಗಿದ್ದಳು. ಖಾಲಿ ಮನೆ. ಕೊಳಾಯಿ ಬಿಟ್ಟು ನಿಂತೆ. ಒಲೆಯ ಮೇಲೆ ಕೆಟಲ್ ಇತ್ತು. ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ ಸುಣ್ಣ ಕಟ್ಟಿತ್ತು. ಅಲ್ಲೇ ಇದ್ದ ಎರಡು ನಿಂಬೆಹಣ್ಣು ಹಿಂಡಿ, ಕುದಿಸಿ, ಉಜ್ಜಿ ತೊಳೆದೆ. ತಳ ಹೊಸದರಂತೆ ಹೊಳೆಯಿತು. ಬೀಗ ಹಾಕಿ ಬಂದೆ. ಯಾಕೆ ಮಾಡಿದಿರಿ ಅಂತ ಕೇಳಬೇಡಿ, ಬರಿಗೈಯಲ್ಲಿ ಎಷ್ಟು ಹೊತ್ತು ನಿಲ್ಲಲಿ?

ಆ ಸಂಜೆ ಲ್ಯಾಬಿಗೆ ಫೋನ್ ಬಂತು.

"ಕೆಟಲ್ ತೊಳೆದದ್ದು ಯಾರು?"

"ಆಫೀಸಿನವರು."

"ಆಫೀಸಿನವರು ಅದನ್ನೂ ಮಾಡ್ತಾರಾ?"

"ಕೆಲವು ಮನೆಗಳಲ್ಲಿ."

ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಆ ಕಡೆ ರಟ್ಟು ಕತ್ತರಿಸುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಚಹಾ ರುಚಿ ಬೇರೆ ಆಗಿದೆ," ಅಂದಳು. ಒಳ್ಳೆಯದಾಗಿದೆಯೋ ಕೆಟ್ಟಿದೆಯೋ ಹೇಳಲಿಲ್ಲ. ನಾನು ಕೇಳಬೇಕೆನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

ಎರಡನೇ ಸಲದ ನೀರು ಶುದ್ಧವಾಗಿತ್ತು. ಶುದ್ಧವೆಂದು ಬಂದ ಮನೆಗೆ ಮತ್ತೆ ಹೋಗಬೇಕಾಗಿಲ್ಲ ಎಂಬುದು ನಮ್ಮ ನಿಯಮ. ಆ ನಿಯಮ ಮಾಡಿದವಳು ನಾನೇ, ಅದಕ್ಕೇ ಈ ಸಭೆಯಲ್ಲಿ ನನ್ನನ್ನು ಹೊಗಳಿದ್ದೀರಿ. ಅಕ್ಕನಿಂದ ಮತ್ತೆ ಫೋನ್ ಬಂದಿಲ್ಲ. ಫೋನ್ ಬರದ ಮನೆಯಲ್ಲಿ ನೀರು ಚೆನ್ನಾಗಿದೆ ಎಂದು ನಾವು ತಿಳಿಯುತ್ತೇವೆ. ಚೆನ್ನಾಗಿಯೇ ಇರಬೇಕು.

ಮಾತು ಎಲ್ಲಿಗೋ ಹೋಯಿತು, ಕ್ಷಮಿಸಿ. ಹಾರ ಹಾಕಿದವರಿಗೆ, ಕುರ್ಚಿ ಜೋಡಿಸಿದವರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.