ಬಾಷಾನ ರೋಜಾ

...ಇಲ್ರಿ ನಾಗಲಿಂಗಮ್ಮಕ್ಕಾ, ನಗಬ್ಯಾಡ್ರಿ! ಖರೇನ ಹೇಳ್ತೀನಿ, ಬಾಟ್ಲಿಗೂ ಮುಖ ತೊಳೀಬೇಕಾಗ್ತದ. ಯಾವ ಬಾವಿ ನೀರು ಪರೀಕ್ಷೆಗೆ ಒಯ್ಯಬೇಕೋ ಅದೇ ನೀರಿಲೆ ಮೊದ್ಲು ಬಾಟ್ಲಿ ಗಲಬರಿಸಿ ಚೆಲ್ಲಬೇಕು, ಆಮ್ಯಾಲೆ ತುಂಬಬೇಕು. ಹಂಗಂತ ಕಲಿಸ್ಯಾರ. ಅದರ ಮ್ಯಾಲೆ ನಾನೊಂದು ಸೇರಿಸೀನಿ... ಬಿಸ್ಮಿಲ್ಲಾ ಅಂತೀನಿ. ನಿಮ್ಮ ಹಿತ್ತಲ ಬಾವಿಯಾಗ ಬಿಸ್ಮಿಲ್ಲಾ ಅನ್ನದ ಒಂದು ಬಾಟ್ಲೀನೂ ತುಂಬಿಲ್ಲ ಈ ಬಾಷಾ. ನೀರು ಮೇಲಿನವನು ಕೊಟ್ಟದ್ದು ಅಕ್ಕಾ, ಅವನ್ನ ಕೇಳದ ಮುಟ್ಟಬಾರದು.

ಹೌದ್ರಿ, ತಡ ಆತು. ಗಾಡಿ ಪಂಚರ್! ಕೊಟ್ಟೂರು ದಾಟೂದ್ರಾಗ ಹಿಂದಿನ ಗಾಲಿ ಉಸಿರು ಬಿಡ್ತು. ಅದಿರಿನ ಲಾರಿ ಓಡ್ಯಾಡಿ ಓಡ್ಯಾಡಿ ರಸ್ತಿ ಎಲ್ಲುಳದೈತ್ರಿ, ಬರೇ ಕೆಂಪು ತಗ್ಗು. ಪಂಚರ್ ಹಾಕೋ ಹೈದರಸಾಬ, "ಕುಂದ್ರಲೇ, ಹಾರಿ ಹೋಗ್ತಿಯೇನು" ಅಂದ. ಕೂತೆ. ಬಾಜೂಕ ಮಿರ್ಚಿ ಕರಿಯೋ ವಾಸನಿ! ಎರಡು ಮಿರ್ಚಿ, ಒಂದು ಪ್ಲೇಟು ಒಗ್ಗರಣಿ ಮಂಡಕ್ಕಿ... ಅಷ್ಟಾಗೂದ್ರಾಗ ಗಾಡಿ ತಯಾರಾತು. ಅಂವ ಪಂಚರ್ ಹಾಕೋದಕ್ಕಿಂತ ಬೈಯೋದಽ ಹೆಚ್ಚು, ಬಿಡ್ರಿ.

ಭಾಗ್ಯಾ ಹೆಂಗದಾಳ? ...ಒಳಗ ಮಲಗ್ಯಾಳೇನು? ಮಲಗಲಿ, ಎಬ್ಬಿಸಬ್ಯಾಡ್ರಿ. ಕುಬಸ ಛಲೋ ಆತಲ್ಲ? ಆತಂತ ಕೇಳಿದೆ. ದಿನಾ ನಮಾಜಿನಾಗ ಆಕಿ ಹೆಸರು ತಗಂತೀನಿ ಅಕ್ಕಾ. "ಯಾ ಅಲ್ಲಾ, ತವರಿಗೆ ಬಂದ ಮಗಳು, ತಾಯೀನೂ ಕೂಸೂ ಬ್ಯಾರೆ ಬ್ಯಾರೆ ಆಗಿ ಸುಖವಾಗಿರಲಿ" ಅಂತ...

ಯಾಕ? ಯಾಕಂದ್ರ... ತಂಗಿ ಇದ್ದಂಗಲ್ಲೇನ್ರಿ! ಚೊಚ್ಚಲ ಹೆರಿಗಿ. ಅದಕ. ಅಷ್ಟ. ಬ್ಯಾರೆ ಏನಿಲ್ಲ.

ಒಂದು ಮಾತು ಅಕ್ಕಾ. ಹೋದ ಸಲಾನೂ ಹೇಳಿದ್ದೆ, ನೀವು ನಕ್ಕು ಬಿಟ್ರಿ. ನಿಮ್ಮಕ್ಕ ಬೊಮ್ಮಮ್ಮ ತಂಬ್ರಹಳ್ಳಿಯಾಗ ಅದಾರಲ್ಲ? ಹೆರಿಗಿ ಆಗೋತನಕ ಭಾಗ್ಯಾನ್ನ ಅಲ್ಲಿಗೆ ಕಳಸ್ರಿ. ಇಲ್ಲಿ ರಾತ್ರಿ ಹಗಲು ಲಾರಿ, ಧೂಳು... ನೋಡ್ರಿ, ಹಗ್ಗದ ಮ್ಯಾಲಿನ ಬಿಳಿ ಸೀರಿ ಕುಂಕುಮದಾಗ ಅದ್ದಿದಂಗಾಗೈತಿ. ...ಮಂದಿ ಏನಂತಾರ? ಏನಂತಾರ್ರಿ! ದೊಡ್ಡಮ್ಮನ ಮನಿ ತವರುಮನಿ ಅಲ್ಲೇನು? ...ಧೂಳಿಗೆ ಕದಾ ಹಾಕ್ಕಂತೀರಾ? ಹಾಕ್ಕಳ್ರಿ. ಆದ್ರ ಬಾವಿಗೆ ಎಲ್ಲೈತ್ರಿ ಕದಾ...

ಏನಿಲ್ಲ, ಏನಿಲ್ಲ! ಹಂಗಽ ಬಾಯಿಗೆ ಬಂತು. ನೀರಿಗೇನಾಗೈತಿ? ತಿಳಿ ಐತಿ. ನೋಡ್ರಿ ಬಾಟ್ಲಿ, ಕನ್ನಡಿ ಇದ್ದಂಗ. ಮಂದಿ ಕೆಂಪು ನೀರಿಗೆ ಹೆದರ್ತಾರ, ಕೊಡದಾಗಿಟ್ಟು ಕೆಂಪು ತಳಕ್ಕ ಕೂತ ಮ್ಯಾಲೆ ಧೈರ್ಯದಿಂದ ಕುಡೀತಾರ. ಕಣ್ಣಿಗೆ ಕಾಣೋದಽ ಎಲ್ಲಾ ಅಲ್ಲಕ್ಕಾ... ಅಂದ್ರ... ದೇವರು ಕಣ್ಣಿಗೆ ಕಾಣ್ತಾನೇನು? ಹಂಗ ಅಂದೆ.

ಪರೀಕ್ಷೆಯಾಗ ಏನು ಬಂತು ಅಂತೀರಾ? ನನಗ ಯಾರು ಹೇಳ್ತಾರ್ರಿ, ನಾನು ಬಾಟ್ಲಿ ಹೊರೋನು. ಗುಡ್ಡದ ಮ್ಯಾಲಿನ ಗಣಿಯೋರು ನಮ್ಮ ಕಚೇರಿಗೆ "ಸುತ್ತಲ ಬಾವಿ ನೀರು ನೋಡಿ ಹೇಳ್ರಿ" ಅಂದಾರ. ನಮ್ಮ ಸಾಹೇಬ್ರು ನೋಡಿ ಅವರಿಗೇ ಹೇಳ್ತಾರ. ಊರಾಗ ತುಟಿ ಬಿಚ್ಚಿದ್ರ ಮರುದಿನ ಮನ್ಯಾಗಿರು ಅಂದಾರ... ಹೇಳಾಕ ಏನಾರ ಇದ್ರ ತಾನ ಬಿಚ್ಚೋದು! ಎಲ್ಲಾ ಮೇಲಿನವನ ಕೈಯಾಗೈತಿ. ಅವನ ಮ್ಯಾಲೆ ಭಾರ ಹಾಕ್ರಿ.

ಎಲ್ಲಿಗೆ ಎದ್ರಿ? ಬ್ಯಾಡ ಅಕ್ಕಾ, ಬ್ಯಾಡ ಬ್ಯಾಡ, ಚೊಂಬು ಒಳಗಿಡ್ರಿ. ರೋಜಾ ಐತಿ, ಉಪವಾಸ. ಇವತ್ತು ಗುರುವಾರ ಅಲ್ಲೇನು? ಹೂಂ ಮತ್ತ... ಎರಡು ವರ್ಷಾತು ಬರಾಕ ಹತ್ತಿ, ನಮ್ಮ ಮನ್ಯಾಗ ಒಂದು ಗುಟುಕು ಕುಡೀಲಿಲ್ಲ ಅಂತ ನಿಮ್ಮ ತಕರಾರು. ಏನು ಮಾಡ್ಲಿ, ನಾನು ಬರೋ ದಿನಾನಽ ರೋಜಾ ಬರ್ತದ! ಓಣಿ ತುಂಬ ನೀವಽ ಹೇಳಿಕೊಂಡು ಬಂದೀರಿ, "ನಮ್ಮ ಬಾಷಾ ದೊಡ್ಡ ಶರಣ, ಈ ಬಿಸಿಲಾಗ ಉಗುಳು ಸೈತ ನುಂಗಂಗಿಲ್ಲ" ಅಂತ. ನನ್ನ ಮುಂದ ನೀವೂ ನೀರು ಕುಡೀದ ಕೂತೀರಿ. ಸಂಜಿಗೆ ರೋಜಾ ಬಿಡಾಕ ಉತ್ತತ್ತಿ ಕಟ್ಟಿ ಕೊಟ್ಟೀರಿ... ಅವನ್ನ ನಾನು ತಿನ್ನಲಿಲ್ಲಕ್ಕಾ. ದರ್ಗಾದಾಗ ಇಟ್ಟು ಬಂದೆ.



ಚೊಂಬು ಹಿಡಕಂಡು ಹಂಗಽ ನಿಂತ್ರಲ್ಲ. ಕೂಡ್ರಿ. ...ನನ್ನ ಅಂಗೀ ಯಾಕ ನೋಡ್ತೀರಿ? ಏನೈತಿ ಅದರಾಗ... ಕಲೆನಾ? ಎಣ್ಣಿ ಕಲೆ ಅದು, ಗಾಡೀದು... ಅಲ್ಲ, ಮಿರ್...

ಹಾಂ. ನಾನಽ ಹೇಳಿದೆನಲ್ಲ, ಈಗ.

ಮರತು ತಿಂದ್ರ ರೋಜಾ ಮುರಿಯಂಗಿಲ್ಲ ಅಕ್ಕಾ! ಖರೇನ, ನಮ್ಮಲ್ಲಿ ಹಂಗೈತಿ. ಮರತಿದ್ದೆ. ಎರಡು ಮಿರ್ಚಿ, ಒಂದು ಪ್ಲೇಟು ಮಂಡಕ್ಕಿ... ಪೂರಾ ಮರತು ತಿಂದೆ... ಯಾಕ ನಗವಲ್ಲಿರಿ? ಯಾವಾಗ್ಲೂ ನಗೋರು ನೀವು. ನಗ್ರಿ. ಇಲ್ಲ ಬೈಯ್ರಿ. "ಲೇ ಸುಳ್ಳಾ" ಅನ್ರಿ. ಹಿಂಗ ನಿಂದ್ರಬ್ಯಾಡ್ರಿ.

ನನ್ನ ಮುಂದ ಯಾಕ ಇಟ್ರಿ ಚೊಂಬು? ...ಗೊತ್ತೈತಿ, ತಿಳಿ ನೀರು, ಈಗ ಸೇದಿದ್ದು. ಗೊತ್ತೈತಿ. ನೀರಡಿಕಿನೂ ಆಗೈತಿ. ಕೈ... ಕೈ ಬರವಲ್ದು ಅಕ್ಕಾ.

ಭಾಗ್ಯಾ! ಯಾವಾಗ ಎದ್ದಿ ತಂಗೀ? ಇಲ್ಲ, ಏನೂ ಆಗಿಲ್ಲ, ನಿಮ್ಮವ್ವ ಸುಮ್ಮನ ನಿಂತಾರ... ನೀರಡಿಕಿನಾ? ತಡಿ, ಅದನ್ನ ತಗಬ್ಯಾಡ, ಅದು ನನ್ನ ಮುಂದಿಟ್ಟದ್ದು... ಏ ಭಾಗ್ಯಾ! ಇಡು ಕೆಳಗ! ಬಾಯಿಗೆ ಹಚ್ಚಬ್ಯಾಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಆ ನೀರು ಕುಡೀಬ್ಯಾಡ!

...

ಅಕ್ಕಾ.

ಲ್ಯಾಬಿನಾಗ ನೀರು ಪರೀಕ್ಷೆ ಮಾಡೋ ನಮ್ಮ ಶಬ್ನಮ್ ಅದಾಳ. ಮೊದಲನೇ ಬಾಟ್ಲಿಗೇ ಹೇಳಿದ್ಲು, "ಅಣ್ಣಾ, ಆ ಊರಾಗ ಹನಿ ನೀರು ಮುಟ್ಟಬ್ಯಾಡ" ಅಂತ. ಮನಿಗೆ ಬಂದೋನು ನೀರು ಒಲ್ಲೆ ಅಂದ್ರ ನೀವು ಯಾಕ ಅಂತೀರಿ. ರೋಜಾ ಅಂದ್ರ ಯಾರೂ ಯಾಕ ಅನ್ನಂಗಿಲ್ಲ.

ಒಂದು ಮಾತು ಅನ್ರಿ ಅಕ್ಕಾ... ಒಂದ...

ಬ್ಯಾಡ. ಅನಬ್ಯಾಡ್ರಿ. ನನ್ನ ಸುಳ್ಳು ರೋಜಾಗಳಿಗೆ ಮೇಲಿನವನ ಮುಂದ ನಾನು ಜವಾಬು ಕೊಡ್ತೀನಿ. ತಂಬ್ರಹಳ್ಳಿ ಸಂಜಿ ಬಸ್ಸು ಇನ್ನಾ ಹೋಗಿಲ್ಲ. ಆಕಿ ಬಟ್ಟಿ ಕಟ್ರಿ.