ಗೆದ್ದ ಮೇಲಿನ ವಾದ

ಈಜುಕೊಳದ ಟಿಕೆಟ್ ಸಾಲು ಕದಲುತ್ತಿರಲಿಲ್ಲ. ಮುಂದೆ ನಿಂತಿದ್ದ ಅತ್ತೆ ಸೊಸೆಯರ ಮಾತಿಗೆ ಅವರ ಹಿಂದಿದ್ದ ಟೈಲರ್ ಒಬ್ಬ ಕಿವಿಗೊಟ್ಟ.

“ಈ ವಯಸ್ಸಲ್ಲಿ ಈಜು ಬೇಡ ಅಂತಿದ್ದ ನಿನ್ನ ಗಂಡ. ಮಂಡಿನೋವಿಗೆ ಡಾಕ್ಟರೇ ಹೇಳಿದಾರೆ ಅಂದೆ. ‘ಫೇರ್ ಎನಫ್’ ಅಂದ. ಹಾಗಂದ್ರೇನೇ?”

“ನೀವು ಹೇಳೋದೂ ಸರಿ ಅಂತ, ಅತ್ತೆ. ಸೋತೆ ಅನ್ನೋಕೆ ನಾಚಿಕೆಯಾದಾಗ ಅವರು ಹಾಗಂತಾರೆ.”

“ಅಯ್ಯೋ! ಬೈದ ಅಂದ್ಕೊಂಡೆ ಕಣೆ. ‘ನೀರಿನ ಭಯ ನಂಗಲ್ಲ, ನಿಂಗೆ’ ಅಂತ ಊಟ ಮುಗಿಯೋವರೆಗೂ ಅವನ ತಲೆ ತಿಂದೆ.”

“ಗೆದ್ದ ಮೇಲೂ ಬಿಡಲಿಲ್ವಾ! ಆಮೇಲೆ?”

“‘ಸಾಕಮ್ಮಾ, ನಾನೂ ಕಲೀತೀನಿ’ ಅಂದ. ಅಗೋ, ಟವೆಲ್ ಹೊದ್ದು ಬರ್ತಿದಾನೆ.”

ಸೊಸೆ ನಗು ತಡೆಯಲಾರದೆ ಮೂರು ಟಿಕೆಟ್ ಕೇಳಿದಳು. ಮೂವರೂ ಒಳಗೆ ಹೋದರು. ಗೋಡೆಯಾಚೆಯಿಂದ ಗಂಡಸಿನ ದನಿ ಕೇಳಿಸಿತು:

“ಅಮ್ಮಾ, ಮೊದಲು ನೀನು ಇಳಿ.”